ಕಾಫಿ ಕುಡಿಯುವ ಹೊತ್ತು: ಬೆಂಗಳೂರಿನ ಮನೆಗಳಿಗೆ ಒಂದು ಆರೋಗ್ಯ ಮಾರ್ಗದರ್ಶಿ

ದಿನಕ್ಕೆ ಎಷ್ಟು ಲೋಟ ಕಾಫಿ ಕುಡಿಯಬಹುದು? ಕಾಫಿ ಮತ್ತು ಆರೋಗ್ಯದ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಇದನ್ನೇ. ಕೇಳಬೇಕಾದ ಪ್ರಶ್ನೆಯೇ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಊರಿನ ಲೋಟ ಚಿಕ್ಕದು. ಹೋಟೆಲಿಗೆ ಹೋದರೆ ಅದನ್ನೂ ಬೈ-ಟೂ ಮಾಡಿ ಕುಡಿಯುತ್ತೇವೆ. ಹಾಗಾಗಿ ಬೇರೆ ತೊಂದರೆ ಇಲ್ಲದ ಬಹುತೇಕರಿಗೆ ಎಣಿಕೆಗಿಂತ ಹೊತ್ತೇ ಮುಖ್ಯ. ತಿಂಡಿ ಆದ ಕೂಡಲೇ ಕಾಫಿ, ಮಾತ್ರೆ ನುಂಗಿದ ಕೂಡಲೇ ಕಾಫಿ, ಸಂಜೆ ಆರೂವರೆಗೆ ಇನ್ನೊಂದು ಕಾಫಿ. ತೊಂದರೆ ಇರುವುದು ಈ ಮೂರು ಕಡೆ. ಈ ಮೂರನ್ನು ಸ್ವಲ್ಪ ಅತ್ತಿತ್ತ ಸರಿಸಿಕೊಂಡರೆ ಕಾಫಿ ಬಿಡುವ ಅಗತ್ಯ ಹೆಚ್ಚಿನವರಿಗೆ ಬರುವುದೇ ಇಲ್ಲ.

ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನದ ಬೀಜ ನಮ್ಮ ಗಾಂಧಿಬಜಾರು, ಮಲ್ಲೇಶ್ವರದ ಅಂಗಡಿಗಳಲ್ಲಿ ಹುರಿದು ಪುಡಿಯಾಗುತ್ತದೆ. ಇಷ್ಟು ಒಳ್ಳೆಯ ಕಾಫಿ ಕೈಗೆ ಸಿಗುವವರು ಅದನ್ನು ಹೆದರಿಕೊಂಡು ಕುಡಿಯಬಾರದು, ತಿಳಿದುಕೊಂಡು ಕುಡಿಯಬೇಕು ಅನ್ನುವುದು ನನ್ನ ಆಸೆ.

ಹೆಜ್ಜೆ 1: ಮೊದಲು ಮನೆಯ ಪುಡಿಯಿಂದ ಲೆಕ್ಕ ಹಾಕಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ಕೆಫೀನ್, ಅಂದರೆ ಕಾಫಿ-ಟೀಯಲ್ಲಿ ನಿದ್ದೆ ತಳ್ಳುವ ಅಂಶ, ದಿನಕ್ಕೆ 300 ಮಿಲಿಗ್ರಾಂ ದಾಟಬಾರದು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ 400 ಮಿಲಿಗ್ರಾಂವರೆಗೆ ತೊಂದರೆ ಇಲ್ಲ ಎಂದಿತ್ತು. ನಾನು ನಮ್ಮ ಸಂಸ್ಥೆ ಹೇಳಿದ 300ನ್ನೇ ಹಿಡಿಯುತ್ತೇನೆ. ಅದೇ ಮಾರ್ಗಸೂಚಿಯಲ್ಲಿ ಪುಡಿಯಿಂದ ಇಳಿಸಿದ 150 ಮಿಲಿಲೀಟರ್ ಕಾಫಿಗೆ 80ರಿಂದ 120 ಮಿಲಿಗ್ರಾಂ, ಇನ್‌ಸ್ಟಂಟ್ ಕಾಫಿಗೆ 50ರಿಂದ 65, ಟೀಗೆ 30ರಿಂದ 65 ಎಂಬ ಅಂದಾಜು ಇದೆ.

ಆದರೆ ನಮ್ಮ ಫಿಲ್ಟರ್ ಕಾಫಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಲೇ ಇರುತ್ತದೆ. ಹಾಗಾಗಿ ಲೋಟ ಅಳೆದರೆ ಲೆಕ್ಕ ಸಿಗುವುದಿಲ್ಲ, ಪುಡಿ ಅಳೆಯಬೇಕು. ಹೀಗೆ ಮಾಡಿ.

ನಾಲ್ಕು ಜನರ ಡಿಕಾಕ್ಷನ್‌ಗೆ ನೀವು ಫಿಲ್ಟರಿಗೆ ಹಾಕುವ ಪುಡಿಯನ್ನು ಒಂದು ಸಲ ತೂಕಕ್ಕಿಡಿ. 25 ಗ್ರಾಂ ಬಂತು ಅಂದುಕೊಳ್ಳೋಣ. ಪುಡಿ 80:20 ಆಗಿದ್ದರೆ ಅದರಲ್ಲಿ ಕಾಫಿ 20 ಗ್ರಾಂ, ಉಳಿದ 5 ಗ್ರಾಂ ಚಿಕೋರಿ. ಚಿಕೋರಿ ಒಂದು ಗಿಡದ ಬೇರು, ಅದರಲ್ಲಿ ಕೆಫೀನ್ ಇಲ್ಲ. ಇನ್ನು ನಮ್ಮಲ್ಲಿ ಬೆಳೆಯುವ ಕಾಫಿಯಲ್ಲಿ ಎರಡು ಜಾತಿ, ಅರೇಬಿಕಾ ಮತ್ತು ರೊಬಸ್ಟಾ. ಅರೇಬಿಕಾ ಬೀಜದಲ್ಲಿ ಕೆಫೀನ್ ಹೆಚ್ಚುಕಡಿಮೆ ನೂರಕ್ಕೆ 1.2ರಷ್ಟು. ರೊಬಸ್ಟಾದಲ್ಲಿ ಹತ್ತಿರ ಹತ್ತಿರ ಅದರ ಎರಡರಷ್ಟು, ಸುಮಾರು 2.2. ಅಂದರೆ 20 ಗ್ರಾಂ ಅರೇಬಿಕಾದಿಂದ 240 ಮಿಲಿಗ್ರಾಂ, ರೊಬಸ್ಟಾದಿಂದ 440. ಹೆಚ್ಚಿನದು ಡಿಕಾಕ್ಷನ್‌ಗೆ ಇಳಿಯುತ್ತದೆ ಎಂದಿಟ್ಟುಕೊಂಡು ನಾಲ್ಕು ಲೋಟಕ್ಕೆ ಹಂಚಿದರೆ, ಅರೇಬಿಕಾ ಲೋಟಕ್ಕೆ 60, ರೊಬಸ್ಟಾ ಲೋಟಕ್ಕೆ 110.

ಲೋಟ ಅದೇ, ಬಣ್ಣ ಅದೇ, ಕೆಫೀನ್ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ಒಂದು ಮನೆಯಲ್ಲಿ ನಾಲ್ಕೈದು ಲೋಟ ಕುಡಿದರೂ 300ರ ಒಳಗಿರುತ್ತಾರೆ. ಇನ್ನೊಂದು ಮನೆಯಲ್ಲಿ ಮೂರನೇ ಲೋಟಕ್ಕೇ ಗೆರೆ ದಾಟುತ್ತಾರೆ. ಅದಕ್ಕೇ ಪುಡಿ ಅಂಗಡಿಯಲ್ಲಿ ಒಂದು ಮಾತು ಕೇಳಿ: ಇದರಲ್ಲಿ ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು? ಹುರಿದು ಪುಡಿ ಮಾಡಿಕೊಡುವ ಅಂಗಡಿಯವರಿಗೆ ಇದು ಗೊತ್ತಿರುತ್ತದೆ, ಬೇಸರವಿಲ್ಲದೆ ಹೇಳುತ್ತಾರೆ. 'ಪ್ಲಾಂಟೇಷನ್ ಎ' ಅಂದರೆ ಅರೇಬಿಕಾ. 'ಪೀಬೆರಿ' ಅನ್ನುವುದು ಹಣ್ಣಿನಲ್ಲಿ ಒಂದೇ ಬೀಜ ಗುಂಡಗೆ ಕಟ್ಟಿರುವುದಕ್ಕೆ ಇಟ್ಟ ಹೆಸರು ಅಷ್ಟೆ, ಅದು ಎರಡು ಜಾತಿಯಲ್ಲೂ ಇರುತ್ತದೆ. ಪ್ಯಾಕೆಟ್ ಪುಡಿ ತಗೊಳ್ಳುವವರು ಲೇಬಲ್ ಓದಿ. ಕಾಫಿ-ಚಿಕೋರಿ ಮಿಶ್ರಣ ಎಂದು ಮಾರಬೇಕಾದರೆ ಕಾಫಿ ಕಡೇಪಕ್ಷ 51 ಭಾಗ ಇರಲೇಬೇಕು ಎಂಬ ನಿಯಮ ಇದೆ.

ಇದರ ಜೊತೆಗೆ ಆಫೀಸಿನ ಟೀ, ವೆಂಡಿಂಗ್ ಮಶೀನಿನ ಕಾಫಿ, ವಾರಾಂತ್ಯದ ಕೆಫೆ ಎಲ್ಲವನ್ನೂ ಸೇರಿಸಿ. ಕೆಫೆಗಳಲ್ಲಿ ಕೊಡುವ ದೊಡ್ಡ ಕಪ್ ಕೋಲ್ಡ್ ಬ್ರೂನಲ್ಲಿ 150ರಿಂದ 200 ಮಿಲಿಗ್ರಾಂ ಇದ್ದರೆ ಆಶ್ಚರ್ಯವಿಲ್ಲ. ಅದೊಂದೇ ಮೂರು ಮನೆ ಕಾಫಿಗೆ ಸಮ.

ಹೆಜ್ಜೆ 2: ಬೆಳಗಿನ ಕಾಫಿಯನ್ನು ತಿಂಡಿಯಿಂದ ಬಿಡಿಸಿ

ಇದು ನಮಗೆ ಕಷ್ಟದ ಹೆಜ್ಜೆ. ಲಾಲ್‌ಬಾಗಿನಲ್ಲಿ ವಾಕಿಂಗ್ ಮುಗಿಸಿ, ಇಡ್ಲಿ-ವಡೆ ತಿಂದು, ಬಾಯಿಯ ಖಾರ ಆರುವ ಮೊದಲೇ ಬಿಸಿ ಕಾಫಿ ಹೀರುವ ಸುಖ ಏನೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಆದರೂ ಕೇಳಿ.

ಕಾಫಿಯಲ್ಲಿರುವ ಪಾಲಿಫಿನಾಲ್ ಎಂಬ ವಸ್ತುಗಳು ಊಟದಲ್ಲಿನ ಕಬ್ಬಿಣಾಂಶಕ್ಕೆ ಅಂಟಿಕೊಂಡು, ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಮಾಂಸದ ಕಬ್ಬಿಣಾಂಶಕ್ಕೆ ಇದರ ಕಾಟ ಕಡಿಮೆ. ಸೊಪ್ಪು, ಕಾಳು, ರಾಗಿಯ ಕಬ್ಬಿಣಾಂಶಕ್ಕೆ ಜಾಸ್ತಿ. ಬಸ್ಸಾರು, ಮುದ್ದೆ, ಹುರುಳಿಕಾಳು ಅಂತ ಕಾಳಜಿಯಿಂದ ಮಾಡಿ ಉಣಿಸಿ, ಮೇಲೆ ಒಂದು ಲೋಟ ಕಾಫಿ ಕೊಟ್ಟರೆ ಅದರಲ್ಲಿ ಒಂದಷ್ಟು ಪಾಲು ಸುಮ್ನೆ ಹೋಗಿಬಿಡುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಕಂಡಿತ್ತು. ಇದಕ್ಕೆ ಕಾಫಿ ಒಂದೇ ಕಾರಣ ಅಲ್ಲ. ಆದರೆ ಹಿಮೋಗ್ಲೋಬಿನ್ ಹತ್ತರ ಆಸುಪಾಸಿನಲ್ಲೇ ನಿಂತಿದೆ, ಸೊಪ್ಪು ತಿಂದರೂ ಏರುತ್ತಿಲ್ಲ ಅನ್ನುವವರು ಮೊದಲು ನೋಡಬೇಕಾದ ಜಾಗಗಳಲ್ಲಿ ಊಟದ ಮೇಲಿನ ಈ ಲೋಟವೂ ಒಂದು.

ಒಳ್ಳೆಯ ಸುದ್ದಿಯೂ ಇದೆ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಕಬ್ಬಿಣಾಂಶಕ್ಕೆ ಅಡ್ಡ ಬರಲಿಲ್ಲ ಎಂದು 1983ರ ಒಂದು ಅಧ್ಯಯನ ತೋರಿಸಿತ್ತು. ಊಟವಾಗಿ ಒಂದು ಗಂಟೆಗೆ ಕುಡಿದದ್ದು ಮಾತ್ರ ಊಟದ ಜೊತೆ ಕುಡಿದಷ್ಟೇ ಅಡ್ಡಿ ಮಾಡಿತು. ಅಂದರೆ ಎದ್ದ ತಕ್ಷಣದ ಕಾಫಿ ಇದ್ದ ಹಾಗೇ ಇರಲಿ. ಆರೂವರೆಗೆ ಕಾಫಿ, ಏಳೂವರೆಗೆ ತಿಂಡಿ. ಎರಡನೇ ಕಾಫಿ ಬೇಕಿದ್ದರೆ ಅದು ಒಂಬತ್ತೂವರೆಗೆ, ಆಫೀಸಿಗೆ ಹೋದ ಮೇಲೆ. ಪೋಷಣಾ ಸಂಸ್ಥೆಯ ಮಾರ್ಗಸೂಚಿ ಊಟಕ್ಕೆ ಮೊದಲು ಮತ್ತು ಆಮೇಲೆ ಕಡೇಪಕ್ಷ ಒಂದೊಂದು ಗಂಟೆ ಬಿಡಿ ಅನ್ನುತ್ತದೆ. ರಕ್ತ ಕಡಿಮೆ ಇರುವವರು ಆಮೇಲಿನ ಅಂತರವನ್ನು ಎರಡು ಗಂಟೆಗೆ ಎಳೆಯಲಿ ಅನ್ನುವುದು ನನ್ನ ಸಲಹೆ.

ಹೊರಗೆ ತಿಂಡಿ ತಿನ್ನುವ ದಿನ ಇದು ನಡೆಯುವುದಿಲ್ಲ ಅಲ್ವಾ? ನಡೆಯದಿದ್ದರೆ ಬೇಡ. ಭಾನುವಾರದ ಮಸಾಲೆ ದೋಸೆ ಮೇಲೆ ಒಂದು ಕಾಫಿ ಕುಡಿದರೆ ಯಾರಿಗೂ ರಕ್ತಹೀನತೆ ಬರುವುದಿಲ್ಲ. ಬದಲಾಗಬೇಕಾದದ್ದು ದಿನನಿತ್ಯದ ರೂಢಿ. ಮನೆಯಲ್ಲಿ ಊಟಕ್ಕೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ, ಅದರ ಸಿ ವಿಟಮಿನ್ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ.

ಎದ್ದು ತೊಂಬತ್ತು ನಿಮಿಷದವರೆಗೆ ಕಾಫಿ ಮುಟ್ಟಲೇಬಾರದು ಎಂಬ ಸಲಹೆ ಈಚೆಗೆ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದಕ್ಕೆ ಗಟ್ಟಿ ಆಧಾರ ಇಲ್ಲ. ಖಾಲಿ ಹೊಟ್ಟೆಯ ಕಾಫಿ ನಿಮಗೆ ಎದೆಯುರಿ, ಹುಳಿತೇಗು ತರುತ್ತಿದ್ದರೆ ಆ ಮಾತು ಬೇರೆ. ಆಗ ಮೊದಲು ನೀರು, ಎರಡು ಬಿಸ್ಕತ್ತೋ ಒಂದು ಬಾಳೆಹಣ್ಣೋ, ಆಮೇಲೆ ಲೈಟ್ ಕಾಫಿ. ಅಷ್ಟಾದರೂ ಉರಿ ನಿಲ್ಲದಿದ್ದರೆ ಎರಡು ವಾರ ಬೆಳಗಿನ ಕಾಫಿ ನಿಲ್ಲಿಸಿ ನೋಡಿ, ಕಾರಣ ಕಾಫಿಯೋ ಬೇರೆಯೋ ಗೊತ್ತಾಗುತ್ತದೆ.

ಹೆಜ್ಜೆ 3: ಮಾತ್ರೆ ಮತ್ತು ಕಾಫಿಯ ನಡುವೆ ಗಡಿಯಾರ ಇಡಿ

ಥೈರಾಯ್ಡ್ ಮಾತ್ರೆ ತಗೊಳ್ಳುವವರು ಈಗ ಮನೆಮನೆಯಲ್ಲೂ ಇದ್ದಾರೆ. ಖಾಲಿ ಹೊಟ್ಟೆಯಲ್ಲಿ ತಗೊಳ್ಳಿ ಎಂದು ಡಾಕ್ಟರ್ ಹೇಳಿರುತ್ತಾರೆ. ಅಮ್ಮ ಎದ್ದು ಮಾತ್ರೆ ನುಂಗುತ್ತಾರೆ, ಹಾಲು ಉಕ್ಕುವಷ್ಟರಲ್ಲಿ ಕಾಫಿ ಬೆರೆಸಿ ಕುಡಿಯುತ್ತಾರೆ. ಹೊಟ್ಟೆ ಖಾಲಿ ಇತ್ತಲ್ಲ ಎಂಬುದು ಅವರ ಲೆಕ್ಕ. ಆದರೆ ಈ ಥೈರಾಯ್ಡ್ ಮಾತ್ರೆ, ಅಂದರೆ ಲೆವೊಥೈರಾಕ್ಸಿನ್, ಕರಗಿ ಕರುಳಿನಿಂದ ರಕ್ತಕ್ಕೆ ಸೇರುವುದನ್ನು ಕಾಫಿ ಕಡಿಮೆ ಮಾಡುತ್ತದೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ಹತೋಟಿಗೆ ಬರುವುದಿಲ್ಲ, ಮಾತ್ರೆಯ ಡೋಸ್ ಏರುತ್ತಾ ಹೋಗುತ್ತದೆ.

ಮಾತ್ರೆ ಬರೀ ನೀರಿನಲ್ಲಿ. ಕಾಫಿಗೆ ಕಡೇಪಕ್ಷ ಅರ್ಧ ಗಂಟೆ ಬಿಡಿ, ಸಾಧ್ಯವಾದರೆ ಒಂದು ಗಂಟೆ. ಹೆಜ್ಜೆ 2ನ್ನೂ ಇದಕ್ಕೆ ಹೊಂದಿಸಿದರೆ ಬೆಳಗು ಹೀಗಾಗುತ್ತದೆ: ಆರಕ್ಕೆ ಮಾತ್ರೆ, ಏಳಕ್ಕೆ ಕಾಫಿ, ಎಂಟಕ್ಕೆ ತಿಂಡಿ. ಬೆಳಿಗ್ಗೆ ಐದಕ್ಕೇ ಏಳುವ ಹಿರಿಯರಿಗೆ ಇದು ಸಲೀಸು. ಏಳೂವರೆಗೆ ಎದ್ದು ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿಗೆ ಓಡುವವರಿಗೆ ಕಷ್ಟ. ಅಂಥವರು ರಾತ್ರಿ ಊಟವಾಗಿ ಮೂರು ಗಂಟೆ ಬಿಟ್ಟು ಮಾತ್ರೆ ತಗೊಳ್ಳಬಹುದೇ ಎಂದು ತಮ್ಮ ಡಾಕ್ಟರನ್ನು ಕೇಳಬೇಕು. ಹಾಗೆ ತಗೊಳ್ಳುವ ಕ್ರಮವೂ ಇದೆ. ಇನ್ನೊಂದು ಎಚ್ಚರಿಕೆ: ವರ್ಷಗಟ್ಟಲೆ ಕಾಫಿ ಜೊತೆಗೇ ಮಾತ್ರೆ ತಗೊಂಡವರು ಈಗ ಅಂತರ ಕೊಡಲು ಶುರು ಮಾಡಿದರೆ ಅದೇ ಡೋಸ್ ಜಾಸ್ತಿ ಆಗಬಹುದು. ಡಾಕ್ಟರಿಗೆ ತಿಳಿಸಿ, ಆರರಿಂದ ಎಂಟು ವಾರ ಆದ ಮೇಲೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ.

ಕಬ್ಬಿಣದ ಮಾತ್ರೆಯನ್ನೂ ಕಾಫಿ, ಟೀ, ಹಾಲಿನ ಹತ್ತಿರ ಬಿಡಬೇಡಿ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಕೊಟ್ಟಿದ್ದರೆ ಆ ಕೆಲವು ದಿನ ಕಾಫಿ ಕಡಿಮೆ ಮಾಡಿ. ಅದು ಕೆಫೀನ್ ಕರಗುವುದನ್ನು ನಿಧಾನ ಮಾಡುತ್ತದೆ, ಎಂದಿನ ಎರಡು ಲೋಟಕ್ಕೇ ಎದೆ ಡವಡವ ಅನ್ನಬಹುದು.

ಹೆಜ್ಜೆ 4: ಕೊನೆಯ ಕಾಫಿಗೆ ಒಂದು ಹೊತ್ತು ಗೊತ್ತುಮಾಡಿ

ಎಚ್ಚರ ಇದ್ದಷ್ಟು ಹೊತ್ತು ಮೆದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೋಗಿ ತನ್ನ ಜಾಗದಲ್ಲಿ ಕೂತಾಗ ನಮಗೆ ತೂಕಡಿಕೆ. ಬಸ್ಸಿನಲ್ಲಿ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುತ್ತಾರಲ್ಲ, ಕೆಫೀನ್ ಮಾಡುವುದು ಅಷ್ಟೇ ಕೆಲಸ. ಸೀಟು ಹಿಡಿದಿರುತ್ತದೆ, ಅಡೆನೊಸಿನ್ ನಿಂತೇ ಇರುತ್ತದೆ. ದಣಿವು ಎಲ್ಲೂ ಹೋಗಿರುವುದಿಲ್ಲ, ಗೊತ್ತಾಗುತ್ತಿರುವುದಿಲ್ಲ ಅಷ್ಟೆ. ರಾತ್ರಿ ಗಾಡಿ ಓಡಿಸುವವರು ಇದನ್ನು ನೆನಪಿಡಬೇಕು. ಕಾಫಿ ನಿದ್ದೆಯನ್ನು ಸ್ವಲ್ಪ ಹೊತ್ತು ತಳ್ಳುತ್ತದೆ, ನಿದ್ದೆಯ ಬದಲಿಗೆ ಬರುವುದಿಲ್ಲ.

ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ 110 ಮಿಲಿಗ್ರಾಂ ಕುಡಿದರೆ ರಾತ್ರಿ ಹನ್ನೊಂದಕ್ಕೆ ಇನ್ನೂ 55 ಒಳಗೇ ಇರುತ್ತದೆ. ಮಲಗುವ ಹೊತ್ತಿಗೆ ಸರಿಯಾಗಿ ಅರ್ಧ ಲೋಟ ಕಾಫಿ ಕುಡಿದ ಹಾಗೆ. ಮಲಗುವ ಆರು ಗಂಟೆ ಮೊದಲು 400 ಮಿಲಿಗ್ರಾಂ ತಗೊಂಡವರಿಗೂ ಒಂದು ಗಂಟೆಗಿಂತ ಹೆಚ್ಚು ನಿದ್ದೆ ಕಡಿಮೆಯಾಯಿತು ಎಂದು 2013ರಲ್ಲಿ ಅಮೆರಿಕದ ಒಂದು ಅಧ್ಯಯನ ಕಂಡುಕೊಂಡಿತು. ಅದು ದೊಡ್ಡ ಡೋಸ್, ನಿಜ. ಆದರೂ ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತದೆ ಎನ್ನುವವರು ಗಮನಿಸಲಿ: ನಿದ್ದೆ ಹತ್ತುವುದು ಬೇರೆ, ಗಾಢ ನಿದ್ದೆ ಬೇರೆ.

ಹನ್ನೊಂದಕ್ಕೆ ಮಲಗುವವರಾದರೆ ಮಧ್ಯಾಹ್ನ ಮೂರಕ್ಕೆ ಕೊನೆ ಕಾಫಿ ಎಂದು ಇಟ್ಟುಕೊಳ್ಳಿ. ಈ ಐದು ಗಂಟೆಯ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ಸಿಗರೇಟು ಸೇದುವವರಲ್ಲಿ ಕೆಫೀನ್ ಬೇಗ ಕರಗುತ್ತದೆ. ಅವರು ಸಿಗರೇಟು ಬಿಟ್ಟ ವಾರದಲ್ಲಿ ಅದೇ ಕಾಫಿ ಜಾಸ್ತಿ ಎನಿಸಿ ಚಡಪಡಿಕೆ ಶುರುವಾದರೆ ಕಾಫಿ ಕಡಿಮೆ ಮಾಡಬೇಕು, ಮತ್ತೆ ಸಿಗರೇಟಿಗೆ ಹೋಗಬಾರದು. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ, ಗರ್ಭಿಣಿಯರಲ್ಲಿ ಅದು ನಿಧಾನವಾಗಿ ಕರಗುತ್ತದೆ. ನೈಟ್ ಶಿಫ್ಟಿನವರು ಶಿಫ್ಟಿನ ಮೊದಲ ಅರ್ಧದಲ್ಲೇ ಕಾಫಿ ಮುಗಿಸಿದರೆ ಮನೆಗೆ ಬಂದು ಹಗಲು ಮಲಗಲು ಆಗುತ್ತದೆ.

ಸಂಜೆ ನೆಂಟರು ಬಂದರೆ? ಕಾಫಿ ಕೊಡದೆ ಕಳಿಸುವುದು ನಮ್ಮಲ್ಲಿ ಆಗದ ಮಾತು. ಅದಕ್ಕೆ ಎರಡನೇ ಡಿಕಾಕ್ಷನ್ ಇದೆ. ಬೆಳಿಗ್ಗೆಯ ಪುಡಿಗೇ ಮತ್ತೆ ಬಿಸಿನೀರು ಹಾಕಿ ಇಳಿಸಿದ್ದು. ಕೆಫೀನ್‌ನ ಹೆಚ್ಚಿನ ಪಾಲು ಮೊದಲ ಸುತ್ತಿನಲ್ಲೇ ಹೋಗಿರುತ್ತದೆ, ರುಚಿ ತೆಳು ಆದರೂ ಹಾಲು ಗಟ್ಟಿಯಾಗಿದ್ದರೆ ಕುಡಿಯಲು ಚೆನ್ನಾಗಿಯೇ ಇರುತ್ತದೆ. ಇಲ್ಲವೇ ಕೊತ್ತಂಬರಿ ಬೀಜ, ಜೀರಿಗೆ ಹುರಿದು ಪುಡಿ ಮಾಡಿಟ್ಟುಕೊಂಡ ಕಷಾಯ. ಹಾಲು ಹಾಕಿ ಬಿಸಿಯಾಗಿ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ.

ಹೆಜ್ಜೆ 5: ಸಕ್ಕರೆ ಇಳಿಸಿ

ಕಾಫಿ ಕುಡಿಯುವವರಲ್ಲಿ ಟೈಪ್ 2 ಸಕ್ಕರೆ ಕಾಯಿಲೆ, ಲಿವರ್ ಸಿರೋಸಿಸ್, ಪಾರ್ಕಿನ್ಸನ್ ಕಾಯಿಲೆ ಕಡಿಮೆ ಎಂದು ಬಹಳ ಅಧ್ಯಯನಗಳು ಹೇಳಿವೆ. ನಿಜವೇ. ಆದರೆ ಅವು ಹೆಚ್ಚಾಗಿ ಜನರನ್ನು ವರ್ಷಗಟ್ಟಲೆ ಗಮನಿಸಿ ಕಂಡ ಸಂಬಂಧ. ಕಾಫಿಯಿಂದಲೇ ಹಾಗಾಯಿತು ಎಂಬ ಸಾಬೀತು ಅಲ್ಲ. ಇವುಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕ, ಜಪಾನಿನವು. ಅಲ್ಲಿನ ಕಾಫಿ ಕಪ್ ನಮ್ಮ ಸಕ್ಕರೆ ಹಾಕಿದ ಲೋಟದಂತಲ್ಲ. ನಾವು ನಾಲ್ಕು ಕಾಫಿಗೆ ಎರಡೆರಡು ಚಮಚ ಹಾಕಿದರೆ, ಚಮಚಕ್ಕೆ ಐದು ಗ್ರಾಂ ಹಿಡಿದರೂ ದಿನಕ್ಕೆ 40 ಗ್ರಾಂ ಸಕ್ಕರೆ ಕಾಫಿಯಿಂದಲೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಒಳ್ಳೆಯ ಮಿತಿ ದಿನಕ್ಕೆ ಸುಮಾರು 25 ಗ್ರಾಂ, ಎಲ್ಲಾ ಸಿಹಿ ಸೇರಿ.

ಒಂದೇ ದಿನ ಬಿಡಬೇಡಿ. ವಾರಕ್ಕೆ ಅರ್ಧ ಚಮಚ ಇಳಿಸಿ. ಒಂದು ತಿಂಗಳಲ್ಲಿ ನಾಲಿಗೆ ಒಗ್ಗುತ್ತದೆ, ಪುಡಿಯ ನಿಜವಾದ ರುಚಿ ಆಗ ಗೊತ್ತಾಗುತ್ತದೆ. ದರ್ಶಿನಿಗಳಲ್ಲಿ ಸಕ್ಕರೆ ಮೊದಲೇ ಬೆರೆಸಿರುತ್ತಾರೆ, ಟೋಕನ್ ಕೊಡುವಾಗಲೇ "ಅಣ್ಣಾ, ಒಂದು ಸ್ಟ್ರಾಂಗ್, ಸಕ್ಕರೆ ಇಲ್ದೆ" ಅಂದುಬಿಡಿ. ಬೆಲ್ಲದ ಕಾಫಿ ರುಚಿಗೆ ಕುಡಿಯಿರಿ, ಅಡ್ಡಿಯಿಲ್ಲ. ಶುಗರ್ ಇರುವವರಿಗೆ ಅದು ಒಳ್ಳೆಯದು ಅಂದುಕೊಂಡು ಮಾತ್ರ ಬೇಡ. ಬೆಲ್ಲದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ.

ಹೆಜ್ಜೆ 6: ಬಿಸಿ ಆರಿಸಿ ಕುಡಿಯಿರಿ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಕಾಫಿಯನ್ನು ಕ್ಯಾನ್ಸರಿನ ಅನುಮಾನದ ಪಟ್ಟಿಯಿಂದ ತೆಗೆಯಿತು. ಅದೇ ಸಲ, 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರ್ ತರುವ ಸಾಧ್ಯತೆ ಇದೆ ಎಂದೂ ಹೇಳಿತು. ನಮ್ಮ ಲೋಟ-ಬಟ್ಟಲು ಇರುವುದೇ ಇದಕ್ಕೆ. ಎರಡು ಮೂರು ಸಲ ಎತ್ತಿ ಸುರಿದು, ತುಟಿಗೆ ಹಿತವಾದ ಮೇಲೆ ಕುಡಿಯಿರಿ. ಪೇಪರ್ ಕಪ್ಪಿನ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ. 100 ಮಿಲಿಲೀಟರ್ ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಅದರಲ್ಲಿ ಸೇರುತ್ತವೆ ಎಂದು ಐಐಟಿ ಖರಗ್‌ಪುರದವರು 2020ರಲ್ಲಿ ತೋರಿಸಿದ್ದರು. ಸ್ಟೀಲ್ ಅಥವಾ ಗಾಜಿನ ಲೋಟ ಕೇಳಿ ಪಡೆಯಿರಿ.

ಹೆಜ್ಜೆ 7: ನಿಮ್ಮ ದೇಹದ ಸ್ಥಿತಿಗೆ ಹೊಂದಿಸಿಕೊಳ್ಳಿ

ಗರ್ಭಿಣಿಯರಿಗೆ ಮಿತಿ ದಿನಕ್ಕೆ 200 ಮಿಲಿಗ್ರಾಂ, ಟೀ, ಚಾಕೊಲೇಟು ಎಲ್ಲಾ ಸೇರಿ. ಹೆಜ್ಜೆ 1ರ ಲೆಕ್ಕದಲ್ಲಿ ಅದು ಅರೇಬಿಕಾ ಆದರೆ ಮೂರು ಲೋಟ, ರೊಬಸ್ಟಾ ಆದರೆ ಒಂದೇ ಲೋಟ. ಚಿಕ್ಕ ಮಕ್ಕಳಿಗೆ ಕಾಫಿ ಬೇಡ. ಹಾಲಿಗೆ ಬಣ್ಣ ಬರುವಷ್ಟು ಎಂದು ಶುರುವಾದದ್ದು ಪರೀಕ್ಷೆಯ ಹೊತ್ತಿಗೆ ದೊಡ್ಡ ಮಗ್ ಆಗಿರುತ್ತದೆ. ಓದುವ ಮಕ್ಕಳಿಗೆ ಬೇಕಾದದ್ದು ನಿದ್ದೆ.

ಬಿಪಿ ಇರುವವರು ಕಾಫಿ ಬಿಡಲೇಬೇಕು ಎಂದೇನಿಲ್ಲ. ಕುಡಿದ ಮೇಲೆ ಸ್ವಲ್ಪ ಹೊತ್ತು ಬಿಪಿ ಏರುತ್ತದೆ, ದಿನಾ ಕುಡಿಯುವವರಲ್ಲಿ ಅದು ಕಡಿಮೆ. ಆದರೆ 160/100 ದಾಟಿದವರ ವಿಷಯ ಬೇರೆ. ಅಂಥವರು ದಿನಕ್ಕೆ ಎರಡು ಕಪ್ ಅಥವಾ ಹೆಚ್ಚು ಕುಡಿದಾಗ ಹೃದ್ರೋಗ, ಪಾರ್ಶ್ವವಾಯುವಿನ ಸಾವು ಎರಡರಷ್ಟು ಕಂಡಿತು ಎಂದು ಜಪಾನಿನ ಒಂದು ದೊಡ್ಡ ಅಧ್ಯಯನ ಹೇಳಿದೆ. ಬಿಪಿ ಹತೋಟಿಗೆ ಬರುವವರೆಗೆ ಒಂದೇ ಲೋಟ ಸಾಕು. ಬಿಪಿ ನೋಡಿಸುವ ಅರ್ಧ ಗಂಟೆ ಮೊದಲು ಕಾಫಿ ಕುಡಿದಿರಬಾರದು. ಕ್ಲಿನಿಕ್ಕಿನ ಪಕ್ಕದ ಹೋಟೆಲಿನಲ್ಲಿ ಕಾದು ಕುಳಿತಾಗ ಇದು ಮರೆತುಹೋಗುತ್ತದೆ.

ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಇದ್ದರೆ ಪುಡಿಯನ್ನು ನೀರಿನಲ್ಲೇ ಕುದಿಸಿ ಬಟ್ಟೆಯಲ್ಲಿ ಸೋಸದೆ ಕುಡಿಯುವ ರೂಢಿ ಬಿಡಿ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಕೊಲೆಸ್ಟ್ರಾಲ್ ಏರಿಸುತ್ತದೆ. ಅದನ್ನು ಚೆನ್ನಾಗಿ ತಡೆಯುವುದು ಪೇಪರ್ ಫಿಲ್ಟರ್. ನಮ್ಮ ಸ್ಟೀಲ್ ಫಿಲ್ಟರಿನ ತೂತುಗಳಿಗೆ ಅಷ್ಟು ತಡೆಯಲು ಆಗುವುದಿಲ್ಲ.

ಹೆಜ್ಜೆ 8: ಕಡಿಮೆ ಮಾಡುವುದಾದರೆ ಚಿಕೋರಿಯ ನೆರವು ತಗೊಳ್ಳಿ

ಏಕಾದಶಿ ಉಪವಾಸದ ದಿನ ಮಧ್ಯಾಹ್ನ ಹಿಡಿಯುವ ತಲೆನೋವು ಬಹಳ ಮನೆಗಳಿಗೆ ಗೊತ್ತು. ಹಸಿವಿನಿಂದ ಎಂದುಕೊಳ್ಳುತ್ತೇವೆ, ಎಷ್ಟೋ ಸಲ ಅದು ಬೆಳಗಿನ ಕಾಫಿ ತಪ್ಪಿದ್ದರಿಂದ. ಕೊನೆಯ ಕಾಫಿಯಾಗಿ 12ರಿಂದ 24 ಗಂಟೆಯಲ್ಲಿ ಶುರುವಾಗಿ, ಒಂದೆರಡು ದಿನದಲ್ಲಿ ಜೋರಾಗಿ, ಒಂಬತ್ತು ದಿನದವರೆಗೂ ಎಳೆಯಬಹುದು. ಅದಕ್ಕೇ ಥಟ್ಟನೆ ಬಿಡಬಾರದು.

ಈ ಸಲ ಪುಡಿ ತರುವಾಗ 80:20 ಬದಲು 70:30 ಹಾಕಿಸಿ. ಅದು ಮುಗಿದ ಮೇಲೆ 60:40. ಲೋಟದ ಎಣಿಕೆ, ಕುಡಿಯುವ ಹೊತ್ತು, ಮನೆಯ ಪರಿಮಳ ಯಾವುದೂ ತಪ್ಪದೆ ಕೆಫೀನ್ ಕಾಲು ಭಾಗ ಇಳಿದಿರುತ್ತದೆ. ಆಮೇಲೆ ಒಂದು ಲೋಟ ಕಡಿಮೆ ಮಾಡಿದರೆ ತಲೆ ಅಷ್ಟಾಗಿ ನೋಯುವುದಿಲ್ಲ. ಕೆಲವರಿಗೆ ಚಿಕೋರಿ ಜಾಸ್ತಿಯಾದರೆ ಹೊಟ್ಟೆ ಉಬ್ಬರ ಬರುತ್ತದೆ. ಅವರು ಕೆಫೀನ್ ತೆಗೆದ ಡಿಕ್ಯಾಫ್ ಪುಡಿಯನ್ನು ಅರ್ಧಕ್ಕರ್ಧ ಬೆರೆಸಿಕೊಳ್ಳಬಹುದು.

ಇಷ್ಟೆಲ್ಲ ಹೊಂದಿಸಿದ ಮೇಲೂ ಎದೆ ತಪ್ಪಿ ಬಡಿದಂತೆ ಆಗುವುದು, ಕೈ ನಡುಗುವುದು, ಸುಮ್ನೆ ಆತಂಕ ಆಗುವುದು, ಮಲ ಕಪ್ಪಾಗಿ ಹೋಗುವುದು ಕಂಡರೆ ಕಾಫಿಯ ಮೇಲೆ ಹಾಕಿ ತಳ್ಳಬೇಡಿ, ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ದಿನಕ್ಕೆ ಎಷ್ಟು ಲೋಟ, ಯಾವ ಪುಡಿ, ಯಾವ ಹೊತ್ತಿಗೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಫಾಸ್ಟಿಂಗ್ ರಕ್ತ ಪರೀಕ್ಷೆ ಬರೆದುಕೊಟ್ಟರೆ ಆ ದಿನ ಬೆಳಿಗ್ಗೆ ಸಕ್ಕರೆ ಇಲ್ಲದ ಕಾಫಿಯೂ ಬೇಡ, ಬರೀ ನೀರು. ಫಿಲ್ಟರಿಗೆ ಪುಡಿ ಹಾಕಿಟ್ಟು ಹೋಗಿ, ರಕ್ತ ಕೊಟ್ಟು ಬರುವಷ್ಟರಲ್ಲಿ ಡಿಕಾಕ್ಷನ್ ಇಳಿದಿರುತ್ತದೆ.